ಕಾಫಿ ಬಣ್ಣ ಬಳಿದ ವರ್ಷ

ಹೋದ ತಿಂಗಳು ತೇನಿಗೆ ಹೋಗಿದ್ದೆ. ಬಸ್ಸಿಳಿದು ಕಡೆವೀದಿಗೆ ತಿರುಗುತ್ತಲೇ ಹೊಸ ಪೇಂಟಿನ ವಾಸನೆ ಮೂಗಿಗೆ ಬಡಿಯಿತು. ಕಡೆವೀದಿ ಎಂದರೆ ಅಂಗಡಿ ಬೀದಿ, ಊರಿನ ಮುಖ್ಯ ಪೇಟೆ. ಯಾವುದೋ ಚಪ್ಪಲಿ ಅಂಗಡಿಯವರು ಷಟರಿಗೆ ಗುಲಾಬಿ ಬಣ್ಣ ಹೊಡೆಸುತ್ತಿದ್ದರು. ಪಕ್ಕದ್ದು ಗಿಳಿಹಸಿರು, ಅದರಾಚೆಯದು ಕಣ್ಣು ಕುಕ್ಕುವ ಹಳದಿ. ಇಡೀ ಬೀದಿಯಲ್ಲಿ ಒಂದೇ ಒಂದು ಅಂಗಡಿಯ ಬಾಗಿಲು ಇನ್ನೂ ಕಾಫಿ ಬಣ್ಣದಲ್ಲಿತ್ತು. ಅದು ನನ್ನ ಸೋದರತ್ತೆ ರಂಗತ್ತೆಯ ಅಂಗಡಿ. ಆ ಬಣ್ಣದಿಂದ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವರು ಅವರೇ, ಅದನ್ನು ಉಳಿಸಿಕೊಂಡವರೂ ಅವರೇ. ಬಣ್ಣ ಆರಿಸಿದವಳು ನಾನು.

ನಮ್ಮದು ಕಂಬಂ ಕಣಿವೆಯಲ್ಲಿ ಯಾವ ಕಾಲದಿಂದಲೋ ನೆಲೆಸಿದ ಕನ್ನಡದ ಬೇಸಾಯಗಾರರ ಮನೆತನ. ಹೊಸಿಲೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಬಹಳ ತಡವಾಗಿ, ಕೆಲಸಕ್ಕೆಂದು ಮೈಸೂರಿಗೆ ಬಂದ ಮೇಲೆ, ಅಂಗಡಿ ಬೋರ್ಡುಗಳನ್ನು ಓದುತ್ತ ಓದುತ್ತ. ನಾನು ಹೇಳುತ್ತಿರುವ ವರ್ಷ ಅದಕ್ಕಿಂತ ಹಿಂದಿನದು. ದಿಂಡಿಗಲ್ಲಿನಲ್ಲಿ ಡಿಪ್ಲೊಮಾ ಮುಗಿಸಿ ತೇನಿಯ ಒಬ್ಬ ಕಟ್ಟಡದ ಎಂಜಿನಿಯರರ ಬಳಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ಸ್ನಾನದ ಮನೆಯ ಕಿಟಕಿ ಎಲ್ಲಿ ಬರಬೇಕು, ಮೆಟ್ಟಿಲು ಎಷ್ಟು ಬರಬೇಕು ಎನ್ನುವುದರಲ್ಲೇ ದಿನ ಹೋಗುತ್ತಿತ್ತು. ಅಷ್ಟರಲ್ಲಿ ಕಡೆವೀದಿಯ ವ್ಯಾಪಾರಿಗಳು ಸೇರಿ ಬೀದಿಯನ್ನು ಚಂದ ಮಾಡಬೇಕೆಂದು ಹೊರಟರು. ಎಂಜಿನಿಯರರಿಗೆ ಪುರುಸೊತ್ತಿರಲಿಲ್ಲ. ಕೆಲಸ ನನ್ನ ಮೇಜಿಗೆ ಬಂತು.

ಬೀದಿ ಚಂದ ಇರಲಿಲ್ಲ ಎನ್ನುವುದು ನಿಜವೇ. ಫ್ಲೆಕ್ಸ್ ಬ್ಯಾನರುಗಳು ಒಂದರ ಮೇಲೊಂದು ಬಿದ್ದಿದ್ದವು. ತಗಡಿನ ಇಳಿಚಾವಣಿಗಳು ಒಬ್ಬೊಬ್ಬರದು ಒಂದೊಂದು ಎತ್ತರದಲ್ಲಿ ರಸ್ತೆಗೆ ಚಾಚಿಕೊಂಡು, ಎತ್ತರದ ಆಳುಗಳ ಹಣೆಗೆ ಗಾಯ ಮಾಡುತ್ತಿದ್ದವು. ಚರಂಡಿ ಬಾಯಿ ತೆರೆದುಕೊಂಡಿತ್ತು. ಕರೆಂಟು ತಂತಿ, ಕೇಬಲ್ಲು ತಂತಿ ಎಲ್ಲ ಗೋಜಲಾಗಿ ಜೋತಾಡುತ್ತಿದ್ದವು. ವ್ಯಾಪಾರಿಗಳ ಪರವಾಗಿ ಓಡಾಡುತ್ತಿದ್ದವರು ಕದಿರೇಶನ್ ಎನ್ನುವವರು, ರಂಗತ್ತೆಯ ಪಕ್ಕದಲ್ಲೇ ಫ್ಯಾನ್ಸಿ ಅಂಗಡಿ ಇಟ್ಟವರು. ಕೊಯಮತ್ತೂರಿನಲ್ಲಿ ಒಂದು ಬೀದಿ ನೋಡಿ ಬಂದಿದ್ದರು. ಎಲ್ಲ ಅಂಗಡಿಯೂ ಒಂದೇ ಬಣ್ಣ, ಎಲ್ಲ ಬೋರ್ಡೂ ಒಂದೇ ಅಳತೆ. ನೋಡಿದರೆ ಕೈ ಮುಗಿಯಬೇಕು ಅನಿಸುತ್ತದೆ ಎಂದು ವರ್ಣಿಸಿದರು.

ನಾನು ಅಳತೆಗೆ ಇಳಿದದ್ದು ಆಡಿ ತಿಂಗಳಲ್ಲಿ, ಅಂದರೆ ತಮಿಳರ ಆಷಾಢದಲ್ಲಿ. ಆಡಿಯಲ್ಲಿ ನಮ್ಮ ಕಡೆ ಮದುವೆ ಇಲ್ಲ, ವ್ಯಾಪಾರವೂ ಅಷ್ಟಕ್ಕಷ್ಟೆ. ಇರುವುದು ಗಾಳಿ ಒಂದೇ. ಘಟ್ಟದ ಸಂದಿನಿಂದ ನುಗ್ಗಿ ಬರುವ ಆ ಗಾಳಿಗೆ ಟೇಪು ನೆಟ್ಟಗೆ ನಿಲ್ಲದೆ ಬಿಲ್ಲಿನಂತೆ ಬಾಗುತ್ತಿತ್ತು. ಹೀಗಾಗಿ ಬೀದಿಯ ಉದ್ದ ನನ್ನ ಮೊದಲ ಅಳತೆಯಲ್ಲಿ ಒಂದು, ಎರಡನೆಯದರಲ್ಲಿ ಇನ್ನೊಂದು. ಸಿಟ್ಟು ಬಂದು ಮೂರನೆಯ ಸಲ ಹೆಜ್ಜೆಯಲ್ಲೇ ಎಣಿಸಿದೆ. ಆದರೆ ನಕ್ಷೆ ಮಾತ್ರ ಚೆನ್ನಾಗಿ ಬಂತು. ಇಕ್ಕೆಲದ ಅಂಗಡಿಗಳನ್ನೆಲ್ಲ ಒಂದೇ ಉದ್ದನೆಯ ಹಾಳೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಗೋಡೆಗೆ ಕೆನೆ ಬಣ್ಣ, ಬಾಗಿಲು ಷಟರುಗಳಿಗೆ ಕಾಫಿ ಬಣ್ಣ, ಕಾಫಿ ಬಣ್ಣದ ಬೋರ್ಡಿನ ಮೇಲೆ ಬಿಳಿ ಅಕ್ಷರ. ಅದನ್ನು ಗೋಡೆಗೆ ಒರಗಿಸಿ ದೂರದಿಂದ ನೋಡಿ ಹಿಗ್ಗಿದ್ದು ನನಗೆ ಚೆನ್ನಾಗಿ ನೆನಪಿದೆ. ಕೆಳಗೆ ಷರತ್ತುಗಳನ್ನೂ ನಾನೇ ಬರೆದೆ. ಒಂದು ವರ್ಷ ಯಾರೂ ಬಣ್ಣ ಬದಲಾಯಿಸುವಂತಿಲ್ಲ, ಅಂಗಡಿಯ ಹೊರಗೆ ಏನನ್ನೂ ತೂಗುಹಾಕುವಂತಿಲ್ಲ, ಒರಗಿಸುವಂತಿಲ್ಲ.

ಸಹಿ ಹಾಕಿಸಲು ರಂಗತ್ತೆಯ ಬಳಿಗೆ ಹೋದಾಗ ಅವರು ಅರಿಸಿನ ಕೊಂಬು ಆರಿಸುತ್ತ ಕೂತಿದ್ದರು. ಅವರದು ಮದುವೆ ಸಾಮಾನಿನ ಅಂಗಡಿ. ಅರಿಸಿನ, ಕುಂಕುಮ, ತಾಳಿ ದಾರ, ಎಲ್ಲಕ್ಕಿಂತ ಮುಖ್ಯವಾಗಿ ಕರಿಕಂಬಳಿ. ನಮ್ಮ ಮನೆತನಗಳಲ್ಲಿ ಮದುವೆ ಹೆಣ್ಣು ಗಂಡುಗಳನ್ನು ಕರಿಕಂಬಳಿಯ ಮೇಲೆ ಕೂರಿಸದೆ ಮದುವೆ ಇಲ್ಲ. ಅಂಗಡಿಗೆ ಹೆಸರೂ ಇರಲಿಲ್ಲ, ಬೋರ್ಡೂ ಇರಲಿಲ್ಲ. ಇದ್ದದ್ದು ಎರಡು ರೆಕ್ಕೆಯ ಮರದ ಬಾಗಿಲು. ಹಗಲೆಲ್ಲ ಹೊರಕ್ಕೆ ತೆರೆದು ಎರಡು ಬದಿಯ ಗೋಡೆಗೂ ಒರಗಿರುತ್ತಿತ್ತು. ಅದರ ಬಣ್ಣ ನೀಲಿ. ಬಿಳಿ ಬಟ್ಟೆಗೆ ಹಾಕುವ ನೀಲಿ ಪುಡಿ ನೀರಿಗೆ ಬಿದ್ದ ಕೂಡಲೇ ಕಾಣುತ್ತದಲ್ಲ, ಆ ನೀಲಿ. ಅತ್ತೆಯ ಮಾವನ ಕಾಲದಿಂದ ಪೊಂಗಲಿಗೆ ಪೊಂಗಲಿಗೆ ಅದೇ ಬಣ್ಣ ಬಳಿಯುತ್ತ ಬಂದಿದ್ದರು.

“ನೀ ಬರ್ದಿದ್ದಾ ಪಾಪಾ ಇದು?” ಎಂದು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. “ನಮ್ಮಂಗಡಿ ಎಲ್ಲೈತೆ?”

ನಾನೂ ಒಂದು ಗಳಿಗೆ ಹುಡುಕಿ ಬೆರಳಿಟ್ಟು ತೋರಿಸಿದೆ. ಆಗಲಾದರೂ ನನಗೆ ಹೊಳೆಯಬೇಕಿತ್ತು.

“ಲಕ್ಷಣವಾಗೈತೆ. ನೀ ಬರ್ದಿದ್ದು ಅಂದ್ಮ್ಯಾಲೆ ಸೆರಿಯಾಗೇ ಇರ್ತದೆ” ಎಂದು ತಮಿಳಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಬೋರ್ಡಿಗೆ ಹೆಸರು ಬೇಕಲ್ಲ, ‘ರಂಗಮ್ಮಾಳ್ ಸ್ಟೋರ್’ ಎಂದು ನಾನೇ ಇಟ್ಟೆ.

ಆಡಿ ಮುಗಿಯುವುದರೊಳಗೆ ಬಣ್ಣ ಬಳಿದು ಮುಗಿಯಿತು. ಹಸಿ ಪೇಂಟಿನ ಮೇಲೆ ಗಾಳಿಯ ದೂಳೆಲ್ಲ ಕೂತು, ಬಾಗಿಲ ಮೇಲೆ ಕೈಯಾಡಿಸಿದರೆ ಮರಳುಕಾಗದ ಮುಟ್ಟಿದ ಹಾಗೆ ಒರಟೊರಟು. ಬಣ್ಣದವನು ಬೈದುಕೊಂಡೇ ಬಳಿದ. ನೀಲಿ ಬಾಗಿಲನ್ನು ಅವನು ಕೆರೆಯುವಾಗ ಬಿದ್ದ ಹಕ್ಕಳೆಗಳಲ್ಲಿ ಉಗುರಗಲದ ಒಂದನ್ನು ಅತ್ತೆ ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಏಕೆಂದು ನಾನು ಕೇಳಲಿಲ್ಲ. ಅತ್ತೆ ಏನು ಸಿಕ್ಕರೂ ಗಂಟು ಹಾಕಿಕೊಳ್ಳುವವರೇ.

ಬೀದಿ ನಿಜಕ್ಕೂ ಚಂದವಾಯಿತು. ಚರಂಡಿಗೆ ಹಾಸುಗಲ್ಲು ಬಂತು, ತಂತಿಗಳನ್ನು ಒಟ್ಟುಮಾಡಿ ಕಟ್ಟಿದರು, ಕಾಲುದಾರಿಗೆ ಕಲ್ಲು ಕೂತಿತು. ಕಾಲೇಜಿನ ಹುಡುಗಿಯರು ನಿಂತು ಫೋಟೊ ತೆಗೆಸಿಕೊಂಡರು. ಪತ್ರಿಕೆಯಲ್ಲಿ ಚಿತ್ರ ಬಂತು. ಎಂಜಿನಿಯರರು ಅದನ್ನು ಕತ್ತರಿಸಿ ನನ್ನ ಮೇಜಿನ ಗಾಜಿನಡಿ ಇಟ್ಟರು. ನಾನು ಆ ದಿನಗಳಲ್ಲಿ ಏನಾದರೊಂದು ನೆಪ ಮಾಡಿ ದಿನಾ ಕಡೆವೀದಿಗೆ ಹೋಗಿ ಬರುತ್ತಿದ್ದೆ.

ಆವಣಿ ಹುಟ್ಟಿತು. ಮದುವೆಗಳ ತಿಂಗಳು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳಬೇಕು. ಮದುವೆಯ ಕಂಬಳಿ ಅರಿಸಿನ ತರಲು ಹೊರಟವರನ್ನು ಎಲ್ಲಿಗೆ ಎಂದು ಯಾರೂ ಕೇಳಬಾರದು. ಅವರೂ ಯಾರನ್ನೂ ದಾರಿ ಕೇಳಬಾರದು. ಹಿಂದಿನಿಂದ ಕರೆಯಬಾರದು. ಮನೆಯ ಹಿರಿಯ ಹೆಂಗಸು ಮುಂದೆ ನಡೆಯಬೇಕು, ಉಳಿದವರು ಅವಳ ಬೆನ್ನಿಗೆ. ಅವಳು ಮೊದಲು ಯಾವ ಅಂಗಡಿಯ ಮೆಟ್ಟಿಲು ಹತ್ತುತ್ತಾಳೋ ಅಲ್ಲಿಂದ ಬರಿಗೈಯಲ್ಲಿ ಇಳಿಯುವಂತಿಲ್ಲ. ಕಂಬಳಿ ಅಲ್ಲಿಂದಲೇ ಬರಬೇಕು. ಅಮ್ಮನ ಕಂಬಳಿ ಬಂದ ಅಂಗಡಿಯಿಂದಲೇ ಮಗಳದೂ. ಹೀಗೆ ಒಂದು ಮನೆಯವರು ಬರುವುದು ತಲೆಮಾರಿಗೆ ಒಂದೋ ಎರಡೋ ಸಲ. ಹಿರಿಯ ಹೆಂಗಸರಿಗೆ ಓದು ಬರಹ ಇಲ್ಲ. ಕಿರಿಯರ ಕೈಯಲ್ಲಿ ಫೋನಿದೆಯಲ್ಲ ಎಂದರೆ, ಫೋನನ್ನು ಕೇಳುವುದೂ ಕೇಳುವುದೇ. ಇರುವ ಗುರುತು ಒಂದೇ: ನೀಲಿ ಬಾಗಿಲು.

ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ನನ್ನ ಅಕ್ಕನ ಮದುವೆಗೆ ಅಜ್ಜಿಯ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ಆ ಬಾಗಿಲಿಗೆ ನಡೆದವಳೇ ನಾನು. ಹೊರಗಿನಿಂದ ಬಂದ ಯಾರಾದರೂ ಎಂಜಿನಿಯರು ಈ ತಪ್ಪು ಮಾಡಿದ್ದರೆ ಕ್ಷಮೆ ಇತ್ತು. ನಾನು ಕಾಗದದ ಮೇಲೆ ಬೀದಿ ನೋಡುತ್ತಿದ್ದೆ, ಅಜ್ಜಿಯನ್ನು ನೆನೆಯಲಿಲ್ಲ.

ಆವಣಿಯ ಮೊದಲ ಮುಹೂರ್ತಕ್ಕೆ ಮುಂಚಿನ ಒಂದು ಬೆಳಿಗ್ಗೆ ನಾನು ಅತ್ತೆಯ ಅಂಗಡಿಯಲ್ಲೇ ಇದ್ದೆ. ನಮ್ಮ ಕಣಿವೆಯದೇ ಆದ ಗೂಡಲೂರಿನ ಬಸ್ಸು ಬಂದು ಹೋಗಿ ಸ್ವಲ್ಪ ಹೊತ್ತಿಗೆ ಐದಾರು ಜನ ಬೀದಿಯಲ್ಲಿ ಸಾಲಾಗಿ ಬಂದರು. ಮುಂದೆ ಒಬ್ಬ ಮುದುಕಿ, ಕಿವಿಯಲ್ಲಿ ಜೋತು ಬಿದ್ದ ಹಳೆಯ ಕಾಲದ ಚಿನ್ನ. ಅತ್ತೆ ನೋಡುತ್ತಲೇ ಗುರುತು ಹಿಡಿದರು. “ಚಿನ್ನಕ್ಕ” ಎಂದು ಪಿಸುಗುಟ್ಟಿದರು. “ಅವರವ್ವಂದೂ ಇಲ್ಲೇ, ಅವರ ಮಗಳ್ದೂ ಇಲ್ಲೇ. ಈಗ ಮೊಮ್ಮಗಳ್ದು ಅಂತ ಕಾಣ್ತದೆ.” ಎದ್ದು ಸೆರಗು ಸರಿಮಾಡಿಕೊಂಡರು.

ಚಿನ್ನಕ್ಕ ನಮ್ಮ ಮುಂದೆಯೇ ಹಾದುಹೋದರು. ಒಳಗಿದ್ದ ನಮ್ಮನ್ನು ನೋಡಲೇ ಇಲ್ಲ. ಅವರು ಮುಖ ಹುಡುಕುತ್ತಿರಲಿಲ್ಲ, ಬಾಗಿಲು ಹುಡುಕುತ್ತಿದ್ದರು. ಬೀದಿಯ ಕೊನೆ ಮುಟ್ಟಿ ತಿರುಗಿ ಬಂದರು. ಬಾಯಿ ಬಿಟ್ಟು ಒಬ್ಬರನ್ನೂ ಕೇಳಲಿಲ್ಲ. ಬಿಸಿಲೇರುತ್ತಿತ್ತು, ಹಿಂದಿದ್ದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಕದಿರೇಶನ್ ಅಂಗಡಿಯ ಗಾಜಿನ ಹಿಂದೆ ಕುಂಕುಮದ ಬಟ್ಟಲು ಕಂಡಿತೆಂದು ತೋರುತ್ತದೆ. ಮುದುಕಿ ಅತ್ತ ತಿರುಗಿದರು. ನಾನು ಕರೆಯಲು ಎದ್ದೆ. ಅತ್ತೆ ನನ್ನ ಮಣಿಕಟ್ಟು ಹಿಡಿದು ಕೂರಿಸಿದರು.

“ಕರೀಬ್ಯಾಡ ಪಾಪಾ. ಹಿಂದ್ಲಿಂದ ಕರೆದ್ರೆ ಆ ಹೆಣ್ಣಿಗೆ ಒಳ್ಳೇದಲ್ಲ.”

ಚಿನ್ನಕ್ಕ ಬಲಗಾಲಿಟ್ಟು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿದರು. ಅತ್ತೆಯ ಹಿಡಿತ ಆಗಲೂ ಸಡಿಲವಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕದಿರೇಶನ್ ಹಿಂಬಾಗಿಲಿನಿಂದ ಬಂದರು. ಯಾರೋ ಗಿರಾಕಿ ಬಂದಿದ್ದಾರೆ, ಕರಿಕಂಬಳಿಯೇ ಬೇಕಂತೆ, ಬರಿಗೈಲಿ ಇಳಿಯುವುದಿಲ್ಲ ಎಂದು ಕೂತಿದ್ದಾರೆ, ಒಂದು ಕೊಡಿ ಅಕ್ಕಾ ಎಂದು ತಮಿಳಿನಲ್ಲಿ ಕೇಳಿದರು. ಅವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ, ಅವರ ತಪ್ಪೇನೂ ಇಲ್ಲ. ಅತ್ತೆ ಅಟ್ಟದ ಮೇಲಿನ ಕಟ್ಟಿನಿಂದ ಒಳ್ಳೆಯದನ್ನೇ ಹುಡುಕಿ, ಕೊಡವಿ, ಮಡಿಚಿ ಕೊಟ್ಟರು. ಅವರು ಹೋದ ಮೇಲೆ ನನ್ನ ಕಡೆ ನೋಡದೆ ಹೇಳಿದರು: “ಕಂಬಳಿ ಹೋದ್ರೆ ಇನ್ನೊಂದು ಬರ್ತದೆ. ಆ ಮನೆ ಹೋಯ್ತಲ್ಲ. ಇನ್ನು ಅವರ ಪೀಳಿಗೆಗೆಲ್ಲ ಅದೇ ಅಂಗಡಿ.”

ನನಗೆ ಅಳು ಬಂತು. ಅತ್ತೆಯ ಮುಂದೆ ಅಳುವುದಕ್ಕೂ ಮುಖವಿರಲಿಲ್ಲ.

ಅದೇ ವಾರದಲ್ಲಿ ಇನ್ನೆರಡು ಮನೆಗಳು ಹೀಗೆಯೇ ತಪ್ಪಿದವು. ಒಬ್ಬರು ಪಾತ್ರೆ ಅಂಗಡಿ ಹತ್ತಿದರು. ಇನ್ನೊಬ್ಬರು ಯಾವ ಮೆಟ್ಟಿಲನ್ನೂ ಹತ್ತದೆ, ಬೀದಿ ಬದಲಾಗಿದೆಯೋ ಊರೇ ಬದಲಾಗಿದೆಯೋ ಎಂದು ಬಸ್‌ಸ್ಟ್ಯಾಂಡಿಗೆ ವಾಪಸು ನಡೆದರು. ನಾನು ಕದಿರೇಶನ್ ಬಳಿ ಹೋಗಿ, ಅತ್ತೆಯ ಬಾಗಿಲಿಗೊಂದು ನೀಲಿ ಬಳಿಯಲು ಬಿಡಿ ಎಂದು ಕೇಳಿದೆ. ಅವರು ಕಾಗದ ತೆಗೆದು ನನ್ನ ಮುಂದೆಯೇ ಹರಡಿದರು.

“ನೀನೇ ಬರೆದದ್ದು ಅಮ್ಮಾ ಇದು. ಒಬ್ಬರಿಗೆ ಬಿಟ್ಟರೆ ನಾಳೆ ಚಪ್ಪಲಿ ಅಂಗಡಿಯವನು ಗುಲಾಬಿ ಬಳಿಯುತ್ತಾನೆ. ಆಮೇಲೆ ಯಾರನ್ನು ಹಿಡಿಯುವುದು?”

ಮಾತು ಸರಿಯಾಗಿಯೇ ಇತ್ತು. ನಾನು ಬಂದು ಅತ್ತೆಗೆ ಹೇಳಿದೆ. ಒಂದು ನೀಲಿ ಬಟ್ಟೆ ಕಟ್ಟೋಣವೇ ಎಂದರೆ, ತೂಗುಹಾಕುವಂತಿಲ್ಲ. ನೀಲಿ ಹಲಗೆ ಇಡೋಣವೇ ಎಂದರೆ, ಒರಗಿಸುವಂತಿಲ್ಲ. ಎಲ್ಲ ದಾರಿಯನ್ನೂ ನಾನೇ ಅಚ್ಚುಕಟ್ಟಾಗಿ ಮುಚ್ಚಿದ್ದೆ. ಅತ್ತೆ ಕೇಳಿಸಿಕೊಂಡು ಬಹಳ ಹೊತ್ತು ಅರಿಸಿನ ಕೊಂಬು ಆರಿಸಿದರು.

“ಆ ಕಾಗಿತದಾಗೆ ಮನುಸರು ಉಡೋ ಬಟ್ಟೆ ಬಗ್ಗೆ ಏನಾರ ಬರ್ದಿದ್ದೀಯಾ?”

“ಇಲ್ಲ.”

“ಹಂಗಾರೆ ನಾಳೆ ಚಿನ್ನಾಳಪಟ್ಟಿಗೆ ಹೋಗಣ ನಡಿ.”

ವತ್ತಲಗುಂಡು ದಾಟಿ, ದಿಂಡಿಗಲ್ಲಿನಲ್ಲಿ ಬಸ್ಸು ಬದಲಾಯಿಸಿ ಚಿನ್ನಾಳಪಟ್ಟಿ ಸೇರುವಾಗ ಮಧ್ಯಾಹ್ನವಾಗಿತ್ತು. ಬೀದಿ ಬೀದಿಗೆ ಕೈಮಗ್ಗದ ಸೀರೆ. ಅತ್ತೆ ಮೂರು ಅಂಗಡಿ ಹತ್ತಿ ಇಳಿದರು. ನಾಲ್ಕನೆಯದು ಒಬ್ಬ ವಯಸ್ಸಾದ ನೇಕಾರರದು. ಅವರ ಮನೆಮಾತೂ ಕನ್ನಡವೇ, ಆದರೆ ನಮ್ಮ ಕನ್ನಡವಲ್ಲ. ಎರಡು ಮಾತಿಗೊಮ್ಮೆ ಇಬ್ಬರೂ ತಮಿಳಿಗೆ ಹೊರಳುತ್ತಿದ್ದರು. ಅತ್ತೆ ಸೆರಗಿನ ಗಂಟು ಬಿಚ್ಚಿ ಬಣ್ಣದ ಹಕ್ಕಳೆಯನ್ನು ಅಂಗೈ ಮೇಲಿಟ್ಟು ಚಾಚಿದರು.

“ಈ ನೀಲಿ ಬೇಕು. ಕರೆಕ್ಟಾ ಇದೇ.”

ನೇಕಾರರು ಹಕ್ಕಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. “ಇದು ಸೀಲೆಯಿಂದ ಬಂದಿದ್ದಲ್ಲ.”

“ಅಲ್ಲ. ಬಾಗ್ಲಿಂದ ಬಂದಿದ್ದು.”

ಅವರು ಎದ್ದು ಒಳಗಿನಿಂದ ಒಂದೊಂದೇ ತಂದು ಪಕ್ಕದಲ್ಲಿಟ್ಟು ನೋಡಿದರು. ಒಂಬತ್ತನೆಯದೋ ಹತ್ತನೆಯದೋ ಹೊಂದಿತು. ಸಣ್ಣ ಬಿಳಿ ಚುಕ್ಕಿಯ ಸುಂಗುಡಿ ಸೀರೆ. ಅತ್ತೆ ಅಂಥವೇ ಮೂರು ತೆಗೆದುಕೊಂಡರು.

ಮರುದಿನದಿಂದ ರಂಗತ್ತೆ ಅಂಗಡಿಯ ಒಳಗೆ ಕೂರಲಿಲ್ಲ. ಒಳಗಿನ ವ್ಯಾಪಾರಕ್ಕೆ ಒಬ್ಬ ಹೆಂಗಸನ್ನು ಇಟ್ಟುಕೊಂಡರು. ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಒಂದು ಬೆತ್ತದ ಸ್ಟೂಲು, ಅದರ ಮೇಲೆ ನೀಲಿ ಸೀರೆಯುಟ್ಟ ಅತ್ತೆ. ಬಿಸಿಲಿಗೆ ತಲೆಯ ಮೇಲೆ ಸೆರಗು. ಕೆನೆ ಗೋಡೆ, ಕಾಫಿ ಬಾಗಿಲುಗಳ ನಡುವೆ ಆ ನೀಲಿ ಬೀದಿಯ ಆ ಕೊನೆಯಿಂದಲೇ ಕಾಣುತ್ತಿತ್ತು. ಕದಿರೇಶನ್ ಬಂದು ಸೊಂಟಕ್ಕೆ ಕೈಯಿಟ್ಟು ನೋಡಿದರು. “ಅಕ್ಕಾ, ಇದು ರೂಲ್ಸಲ್ಲಿ ಬರಲ್ಲ” ಎಂದು ನಕ್ಕುಬಿಟ್ಟರು. ಆಮೇಲೆ ತಮ್ಮ ಅಂಗಡಿಯ ಗಾಜಿನಿಂದ ಕುಂಕುಮದ ಬಟ್ಟಲನ್ನು ತಾವಾಗಿಯೇ ಒಳಕ್ಕೆ ಸರಿಸಿದರು. ಅತ್ತೆ ಏನೂ ಕೇಳಿಕೊಂಡಿರಲಿಲ್ಲ.

ಎಲ್ಲ ಮನೆಗಳೂ ವಾಪಸು ಬಂದವು ಎಂದು ಹೇಳಲಾರೆ. ಐಪ್ಪಸಿ ಕಾರ್ತಿಗೈ ತಿಂಗಳುಗಳಲ್ಲಿ ಮಳೆ ಹಿಡಿಯಿತು. ಅತ್ತೆ ಗೋಣಿ ಹೊದ್ದರೆ ಸೀರೆ ಕಾಣದೆಂದು ಕೊಡೆ ಹಿಡಿದು ಕೂತರು. ಒಬ್ಬರು ಬಂದರೆ ಒಬ್ಬರು ತಪ್ಪುತ್ತಿದ್ದರು. ಆದರೂ ಬರುವವರು ಬಂದರು. ನನ್ನ ಮೇಲೆ ಅತ್ತೆ ಒಂದು ದಿನವೂ ಸಿಟ್ಟಾಗಲಿಲ್ಲ. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ತೈ ತಿಂಗಳ ಮುಹೂರ್ತಗಳು ಹತ್ತಿರ ಬಂದಾಗ ಅತ್ತೆ ಕಂಬಳಿ ತೆಗೆಯಲು ಅಟ್ಟ ಹತ್ತಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಪ್ಲಾಸ್ಟರು ಹಾಕಿ ಮನೆಯಲ್ಲಿ ಮಲಗಿಸಿದ್ದರು. ನೋಡಲು ಹೋದರೆ ದಿಂಬಿನ ಪಕ್ಕದಿಂದ ಮಡಿಚಿದ ನೀಲಿ ಸೀರೆ ತೆಗೆದು ನನ್ನ ಮಡಿಲಿಗೆ ಹಾಕಿದರು.

“ಬಣ್ಣ ಬಳಿಸಿದೋಳು ನೀನು. ಬೋರ್ಡು ಆಗೋದೂ ನೀನೇ. ಲೀವು ಹಾಕು.”

“ನನಗೆ ಯಾಪಾರ ಬರಲ್ಲ ಅತ್ತೆ.”

“ಯಾಪಾರ ಒಳಗಿರೋ ಹೆಂಗಸು ನೋಡ್ಕೊಂತಾಳೆ. ನೀ ಬಾಯಿ ಬಿಡಬ್ಯಾಡ. ಕುಂತ್ಕೋ, ಅಷ್ಟೇ.”

ಎಂಟು ದಿನ ಕೂತೆ. ಎಂಜಿನಿಯರರು ಒಂದು ಸಲ ಸ್ಕೂಟರಿನಲ್ಲಿ ಹಾದುಹೋದವರು ಗುರುತು ಹಿಡಿಯದೆ ಹೋದರು. ನಾನೇ ಗೆರೆ ಎಳೆದ ಬೀದಿಯನ್ನು ನಾನು ಆ ಎಂಟು ದಿನ ಒಂದೇ ಕಡೆಯಿಂದ, ಒಂದೇ ಎತ್ತರದಿಂದ ನೋಡಿದೆ. ನಡೆಯುವವರು ಬೋರ್ಡು ಓದುವುದು ಬಹಳ ಕಡಿಮೆ.

ಐದನೆಯ ದಿನವೋ ಆರನೆಯ ದಿನವೋ, ಪೊಂಗಲಿನ ಎಳೆ ಬಿಸಿಲಿನಲ್ಲಿ ಒಂದು ಸಾಲು ಬಂತು. ಮುಂದೆ ಕೋಲೂರಿದ ಮುದುಕಿ, ಹಿಂದೆ ಮದುವೆ ಹುಡುಗಿ, ಆಮೇಲೆ ಉಳಿದವರು. ಮುದುಕಿ ಬೀದಿಯ ನಡುವೆ ನಿಂತು ಆಚೀಚೆ ನೋಡಿದರು. ಕದಿರೇಶನ್ ಅಂಗಡಿಯ ಕಡೆಗೆ ಎರಡು ಹೆಜ್ಜೆ ಹಾಕಿದರು. ಕರೆಯುವಂತಿಲ್ಲ, ಕೈಬೀಸುವಂತಿಲ್ಲ. ಬೆನ್ನು ನೆಟ್ಟಗೆ ಮಾಡಿ, ಮುದುಡಿದ್ದ ಸೆರಗನ್ನು ಮೊಣಕಾಲಿನ ಮೇಲೆ ಹರಡಿಕೊಂಡೆ. ಅಷ್ಟೇ ನನ್ನ ಕೈಯಲ್ಲಿದ್ದದ್ದು.

ಮುದುಕಿ ತಿರುಗಿದರು. ನನ್ನ ಮುಖ ನೋಡಲಿಲ್ಲ. ಸೀರೆಯನ್ನು ನೋಡುತ್ತಲೇ ಬಂದು ಮೆಟ್ಟಿಲ ಮುಂದೆ ನಿಂತರು.

“ಇದೇ ಕಣವ್ವಾ. ಬಾಗ್ಲು ಯಾಕೆ ಹಿಂಗಾಯ್ತು? ಯಾರು ಮಾಡ್ದೋರು?”

“ಯಾರೋ ಓದಿದವರು ಅಜ್ಜೀ” ಎಂದೆ.

“ಅದೇ ಅಂದ್ಕೊಂಡೆ” ಎಂದು ಬಲಗಾಲಿಟ್ಟು ಮೆಟ್ಟಿಲು ಹತ್ತಿದರು. ಹತ್ತಿದವರು ಒಳಗೆ ಹೋಗಲಿಲ್ಲ. ಕೋಲು ಗೋಡೆಗೆ ಒರಗಿಸಿ, ಮದುವೆ ಹುಡುಗಿಯ ಗಲ್ಲ ಹಿಡಿದು ನನ್ನ ಕಡೆಗೆ ತಿರುಗಿಸಿದರು.

“ಸೆರಿಯಾಗಿ ನೋಡ್ಕೋ. ನಾಳೆ ನಿನ್ ಮಗಳ ಕಲ್ಯಾಣಕ್ಕೆ ನಾನಿರಲ್ಲ. ಬಾಗ್ಲು ನೋಡಬ್ಯಾಡ. ನೀಲಿ ಸೀಲೆ ನೋಡ್ಕೊಂಡು ಬಾ.”

ಹುಡುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡತೊಡಗಿದಳು. ಅವಳು ನೋಡಿ ಮುಗಿಸುವವರೆಗೂ ನಾನು ಅಲುಗಾಡದೆ ಕೂತಿದ್ದೆ.